ಎಂಟು ತಿಂಗಳ ಕೂಸು ಕಟ್ಟಿಕೊಂಡು ಡಿಸ್ನಿಗೆ ಹೋದ ಕಥೆ

ಪುಟ್ಟನಿಗೆ ಆಗ ಎಂಟು ತಿಂಗಳು. ದೊಡ್ಡವಳಿಗೆ ಐದು ವರ್ಷ ತುಂಬಿತ್ತು. ಅವಳ ಕ್ಲಾಸಿನಲ್ಲಿ ಅರ್ಧ ಮಕ್ಕಳು ಡಿಸ್ನಿಗೆ ಹೋಗಿ ಬಂದಿದ್ದರು, ಹಾಗಾಗಿ ದಿನಾ ಮನೆಗೆ ಬಂದು ಅದೇ ರಾಗ. ಇತ್ತ ಹಾಸನದಿಂದ ಬಂದಿದ್ದ ಅಮ್ಮ ನವೆಂಬರ್‌ನಲ್ಲಿ ವಾಪಸ್ ಹೊರಡುವವರಿದ್ದರು. ಸ್ಕೂಲಿಗೆ ಅಕ್ಟೋಬರ್‌ನಲ್ಲಿ ಒಂದು ವಾರ ರಜೆ. ಪುಟ್ಟ ದೊಡ್ಡವನಾಗಲಿ ಅಂತ ಕಾದರೆ ಅಮ್ಮ ಇರುವುದಿಲ್ಲ, ಅಮ್ಮ ಇರುವಾಗ ಹೋದರೆ ಪುಟ್ಟ ಕೂಸು. ಕೊನೆಗೆ ಹೊರಟೇ ಬಿಟ್ಟೆವು.

"ಅಷ್ಟು ಸಣ್ಣ ಮಗೂನ ಯಾರಾದ್ರೂ ಜಾತ್ರೆಗೆ ಕರ್ಕೊಂಡು ಹೋಗ್ತಾರೇನೇ?" ಅಂದರು ಅಮ್ಮ. ಅಂದವರೇ ಎದ್ದು ಹೋಗಿ ರಾಗಿ ಹುರಿಯೋಕೆ ಶುರು ಮಾಡಿದರು.

ನಾವಿರುವುದು ಅಮೆರಿಕದ ಅಟ್ಲಾಂಟಾದಲ್ಲಿ. ಡಿಸ್ನಿ ವರ್ಲ್ಡ್ ಇರುವ ಆರ್ಲಾಂಡೋಗೆ ಕಾರಿನಲ್ಲಿ ಏಳು ಗಂಟೆ ಅಂತ ಮ್ಯಾಪ್ ತೋರಿಸುತ್ತೆ. ಮ್ಯಾಪಿಗೆ ಮಕ್ಕಳಿಲ್ಲ ಅಲ್ವಾ. ನಮಗೆ ಹತ್ತು ಗಂಟೆ ಹಿಡಿಯಿತು, ಯಾಕೆಂದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ಪುಟ್ಟನನ್ನು ಕಾರ್ ಸೀಟಿನಿಂದ ತೆಗೆದು, ಚಾಪೆ ಮೇಲೆ ಬಿಟ್ಟು, ಕೈಕಾಲು ಆಡಿಸೋಕೆ ಟೈಮ್ ಕೊಡುತ್ತಿದ್ದೆವು. ಐ-75 ಹೆದ್ದಾರಿಯಲ್ಲಿ ಫ್ಲಾರಿಡಾ ಗಡಿ ದಾಟಿದ ಮೇಲೆ ಒಂದು ವೆಲ್‌ಕಮ್ ಸೆಂಟರ್ ಸಿಗುತ್ತೆ, ಅಲ್ಲಿ ಪುಕ್ಕಟೆ ಕಿತ್ತಳೆ ಜ್ಯೂಸ್ ಕೊಡುತ್ತಾರೆ. ದೊಡ್ಡವಳು ಟ್ರಿಪ್ಪಿನಲ್ಲಿ ಇವತ್ತಿಗೂ ನೆನೆಸಿಕೊಳ್ಳುವ ಮೊದಲ ವಿಷಯ ಆ ಜ್ಯೂಸು.

ಹೋಟೆಲಿನಲ್ಲಿ ಮೊದಲ ಎಡವಟ್ಟು. ಮಗುವಿಗೆ ತೊಟ್ಟಿಲು ಇಟ್ಟಿರುತ್ತೇವೆ ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದರು. ಹೋಗಿ ನೋಡಿದರೆ ಇದ್ದವೆಲ್ಲ ಬೇರೆಯವರಿಗೆ ಹೋಗಿವೆ. ನಮ್ಮನೆಯವರು ರಾತ್ರಿ ಹೊತ್ತು ಅಂಗಡಿಗೆ ಓಡಿ ಒಂದು ಮಡಚೋ ತೊಟ್ಟಿಲು ಕೊಂಡು ತಂದರು. ಅದು ಮನೆಯಲ್ಲೂ ಒಂದು ಇತ್ತು! ಡಿಕ್ಕಿಯಲ್ಲಿ ಜಾಗ ಇಲ್ಲ ಅಂತ ಬಿಟ್ಟು ಬಂದಿದ್ದೆವು. ಬಿಟ್ಟು ಬರಬೇಕಾಗಿದ್ದದ್ದು ಡೈಪರ್ ಮೂಟೆ. ಡೈಪರ್ ಎಲ್ಲಿ ಬೇಕಾದರೂ ಸಿಗುತ್ತೆ, ಪಾರ್ಕಿನ ಒಳಗೂ ಸಿಗುತ್ತೆ.

ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ಥೀಮ್ ಪಾರ್ಕ್‌ಗಳಿವೆ: ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಆ್ಯನಿಮಲ್ ಕಿಂಗ್‌ಡಮ್. ನಾವು ಎರಡಕ್ಕೆ ಮಾತ್ರ ಟಿಕೆಟ್ ಮಾಡಿಸಿದೆವು, ನಡುವೆ ಒಂದು ದಿನ ಸುಮ್ನೆ ಹೋಟೆಲಿನಲ್ಲಿ. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹಾಗಾಗಿ ಪುಟ್ಟ ಫ್ರೀ. ಒಂದೇ ದಿನ ಎರಡು ಪಾರ್ಕ್ ಓಡಾಡುವ ಟಿಕೆಟ್ಟಿಗೆ ದುಡ್ಡು ಹಾಕಲಿಲ್ಲ. ಕಂಕುಳಲ್ಲಿ ಕೂಸು ಇರುವವರು ಅದನ್ನು ತಗೊಂಡರೆ ದುಡ್ಡು ದಂಡ, ನನ್ನ ಪ್ರಕಾರ.

ಮೊದಲ ದಿನ ಎಪ್‌ಕಾಟ್. ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಅಲ್ಲಿ ನೀಮೋ ಹೆಸರಿನ ರೈಡ್ ಮುಗಿದ ಮೇಲೆ ಒಂದು ಭಾರಿ ಮೀನಿನ ತೊಟ್ಟಿ ಇದೆ, ಗಾಜಿಗೆ ಮೂಗು ಒತ್ತಿಕೊಂಡು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಪುಟ್ಟ ಅಲ್ಲಿ ಮುಕ್ಕಾಲು ಗಂಟೆ ಕಳೆದ. ದೊಡ್ಡ ಮೀನು ಹತ್ತಿರ ಬಂದಾಗಲೆಲ್ಲ ಗಾಜಿಗೆ ಪಟಪಟ ಹೊಡೆಯೋದು, ಹೋದ ಮೇಲೆ ತಿರುಗಿ ನನ್ನ ಮುಖ ನೋಡೋದು. ಅಮ್ಮನಿಗೆ ಇಷ್ಟವಾಗಿದ್ದು ಪಕ್ಕದ ಕಟ್ಟಡದ ಬೋಟ್ ರೈಡ್. ಬೋಟ್ ಹಸಿರುಮನೆಗಳ ಒಳಗೆ ಹೋಗುತ್ತೆ, ಟೊಮೆಟೊ, ಕುಂಬಳಕಾಯಿ ಎಲ್ಲ ಮೇಲಿಂದ ನೇತಾಡುತ್ತಿರುತ್ತವೆ. "ಮಣ್ಣೇ ಇಲ್ದೆ ಬೆಳೀತಾರಲ್ಲೇ" ಅಂತ ಎರಡನೇ ಸಲ ಹತ್ತಿಸಿಕೊಂಡು ಹೋದರು. ಬೋಟ್ ನಿಧಾನ, ಒಳಗೆಲ್ಲ ತಂಪು, ಇಷ್ಟು ಎತ್ತರ ಇರಲೇಬೇಕು ಅನ್ನೋ ಲೆಕ್ಕ ಇಲ್ಲ. ಕೂಸು ಇರುವವರಿಗೆ ಹೇಳಿ ಮಾಡಿಸಿದ ಹಾಗಿದೆ.

ಆಮೇಲೆ ನಾನು ದುರಾಸೆಗೆ ಬಿದ್ದೆ. ಕೆರೆ ಸುತ್ತ ಹನ್ನೊಂದು ದೇಶಗಳ ಕಟ್ಟಡಗಳಿವೆ, ಒಂದು ಸುತ್ತು ಹಾಕಿದರೆ ಸುಮಾರು ಎರಡು ಕಿಲೋಮೀಟರ್. (ಹನ್ನೊಂದರಲ್ಲಿ ಇಂಡಿಯಾ ಇಲ್ಲ, ಅಮ್ಮ ಮೂರು ಸಲ ಕೇಳಿದರು.) ಮಧ್ಯಾಹ್ನ ಒಂದೂವರೆ, ಪುಟ್ಟ ಸ್ಟ್ರೋಲರ್‌ನಲ್ಲಿ (ಮಗುವಿನ ತಳ್ಳುಗಾಡಿಯಲ್ಲಿ) ನಿದ್ದೆ ಹೋಗಿದ್ದ. ಇವನು ಮಲಗಿರುವಾಗಲೇ ಮುಗಿಸಿ ಬಿಡೋಣ ಅಂದೆ. ಅಕ್ಟೋಬರ್ ಆದರೂ ಅಲ್ಲಿ ನಮ್ಮ ಏಪ್ರಿಲ್ ಬಿಸಿಲು. ಮುಖಕ್ಕೆ ಬಿಸಿಲು ಬೀಳಬಾರದು ಅಂತ ಸ್ಟ್ರೋಲರ್ ಮುಂದೆ ಪೂರ್ತಿ ಒಂದು ಮಲ್ ಬಟ್ಟೆ ಇಳಿಬಿಟ್ಟೆ, ಎರಡು ಕಡೆ ಬಟ್ಟೆ ಕ್ಲಿಪ್ಪು. ನೋಡೋಕೆ ಚೆನ್ನಾಗಿತ್ತು. ಇಟಲಿ ದಾಟುವಾಗ ಅಮ್ಮ ಬಟ್ಟೆ ಒಳಗೆ ಕೈ ಹಾಕಿದರು. "ಅಯ್ಯೋ, ಒಲೆ ಒಲೆ ಆಗಿದೆ ಕಣೇ ಒಳಗೆ!"

ಬಟ್ಟೆ ಕಿತ್ತು ನೋಡಿದರೆ ಪುಟ್ಟನ ಕತ್ತು, ಬೆನ್ನು ಎಲ್ಲ ತೊಪ್ಪೆ, ಕೆನ್ನೆ ಕೆಂಪು. ನನಗೆ ಎದೆ ಹೊಡೆದುಕೊಂಡಿತು. ಮುಂದಿನ ಕಟ್ಟಡ ಅಮೆರಿಕ, ಅದರ ಒಳಗೆ ನುಗ್ಗಿದೆವು. ಎಸಿ ಇತ್ತು. ಅಂಗಿ ಬಿಚ್ಚಿ, ಅಮ್ಮನ ದುಪಟ್ಟಾ ತುದಿ ಒದ್ದೆ ಮಾಡಿ ಮೈ ಒರೆಸಿ, ಅಲ್ಲೇ ಒಂದು ಮೂಲೆಯಲ್ಲಿ ಕೂತು ಹಾಲು ಕುಡಿಸಿದೆ. ಐದು ನಿಮಿಷಕ್ಕೆ ಬಣ್ಣ ಮಾಮೂಲಿಗೆ ಬಂತು, ಹತ್ತು ನಿಮಿಷಕ್ಕೆ ನನ್ನ ಕಿವಿಯೋಲೆ ಎಳೆಯೋಕೆ ಶುರು ಮಾಡಿದ. ತೆಳು ಬಟ್ಟೆಯಾದರೂ ಮುಂದೆ ಪೂರ್ತಿ ಮುಚ್ಚಿದರೆ ಒಳಗೆ ಗಾಳಿ ಆಡುವುದಿಲ್ಲ, ಅದೇ ತಪ್ಪಾಗಿದ್ದು. ಆಮೇಲೆ ಸ್ಟ್ರೋಲರ್‌ನ ಸ್ವಂತ ಕೊಡೆ ಮಾತ್ರ, ಜೊತೆಗೆ ಕ್ಲಿಪ್ ಹಾಕೋ ಬ್ಯಾಟರಿ ಫ್ಯಾನು, ಅದೂ ಅವನ ಬೆರಳಿಗೆ ಸಿಗದ ಹಾಗೆ ಮೇಲೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಛಾವಣಿ ಕೆಳಗೆ. ಮಿಕ್ಕ ದೇಶಗಳನ್ನು ನೋಡಲಿಲ್ಲ. ಜಪಾನ್, ಫ್ರಾನ್ಸ್ ಎಲ್ಲಿಗೂ ಹೋಗಲ್ಲ, ಅಲ್ಲೇ ಇರುತ್ತವೆ.

ಹಾಲು ಕುಡಿಸುವ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫ್ಲಾರಿಡಾದಲ್ಲಿ ತಾಯಿ ಎಲ್ಲಿ ಬೇಕಾದರೂ ಮಗುವಿಗೆ ಹಾಲು ಕುಡಿಸಬಹುದು ಅಂತ 1993ರಿಂದಲೇ ಕಾನೂನಿದೆ. ನಾನು ಬೆಂಚಿನ ಮೇಲೆ, ಕ್ಯೂನಲ್ಲಿ, ಬೋಟಿನಲ್ಲಿ, ಎಲ್ಲ ಕಡೆ ಕುಡಿಸಿದೆ, ಯಾರೂ ತಿರುಗಿ ನೋಡಲಿಲ್ಲ. ಆದರೂ ಎಂಟು ತಿಂಗಳ ಮಗುವಿಗೆ ಗಲಾಟೆ ಮಧ್ಯೆ ಹಾಲಿನ ಮೇಲೆ ಗಮನ ಇರಲ್ಲ. ಎರಡು ಗುಟುಕು ಕುಡಿದು ಬ್ಯಾಂಡ್ ಸದ್ದಿಗೆ ತಲೆ ತಿರುಗಿಸುತ್ತಾನೆ, ಮತ್ತೆ ಎರಡು ಗುಟುಕು. ಅದಕ್ಕೇ ಬೇಬಿ ಕೇರ್ ಸೆಂಟರ್. ನಾಲ್ಕೂ ಪಾರ್ಕಿನಲ್ಲಿ ಇದೆ, ದುಡ್ಡು ಕೊಡಬೇಕಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮೇನ್ ಸ್ಟ್ರೀಟ್ ತುದಿಯಲ್ಲಿ ಎಡಕ್ಕೆ, ಕ್ರಿಸ್ಟಲ್ ಪ್ಯಾಲೇಸ್ ಅನ್ನೋ ಊಟದ ಹೋಟೆಲ್ ಪಕ್ಕ. ಎಪ್‌ಕಾಟ್‌ನಲ್ಲಿ ಒಡಿಸ್ಸಿ ಅನ್ನೋ ಕಟ್ಟಡದಲ್ಲಿ. ಒಳಗೆ ಹಾಲುಣಿಸೋಕೆ ಮಂದ ಬೆಳಕಿನ ಕೋಣೆ, ಎತ್ತರದ ಊಟದ ಕುರ್ಚಿ, ಮೈಕ್ರೋವೇವ್, ಸಿಂಕು, ಡೈಪರ್ ಬದಲಿಸೋಕೆ ಸಾಲು ಮೇಜು. ದೊಡ್ಡವಳಿಗೆ ಟಿವಿಯಲ್ಲಿ ಕಾರ್ಟೂನ್. ಸಿಂಕಿನ ಮುಂದೆ ನಿಂತು ರಾಗಿ ಸರಿಯ ಡಬ್ಬಿ ತೊಳೆಯುತ್ತಾ ಅಮ್ಮ ಹೇಳಿದರು, "ನಮ್ಮ ಜಾತ್ರೆಗಳಲ್ಲಿ ಇಂಥದ್ದೊಂದು ಇದ್ದಿದ್ರೆ ನಿನ್ನನ್ನೂ ಕರ್ಕೊಂಡು ಹೋಗ್ತಿದ್ದೆ."

ಊಟದ ಚಿಂತೆ ಮಾಡಿದಷ್ಟು ಕಷ್ಟ ಆಗಲಿಲ್ಲ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ. ಗಾಜಿನ ಸೀಸೆ ಬಿಡಲ್ಲ, ಮಕ್ಕಳ ಊಟದ ಸಣ್ಣ ಬಾಟಲಿ ಬಿಟ್ಟು. ಐಸ್ ಬಿಡಿಬಿಡಿಯಾಗಿ ತರಬಾರದು, ಐಸ್ ಪ್ಯಾಕ್ ಆದರೆ ಸರಿ. ಹೋಟೆಲ್ ರೂಮಿನಲ್ಲಿ ಸಣ್ಣ ಅಡಿಗೆಮನೆ ಇತ್ತು. ಅಮ್ಮ ಬೆಳಿಗ್ಗೆ ಆರಕ್ಕೆ ಎದ್ದು ರಾಗಿ ಸರಿ ಕಾಸಿ, ಕುದಿನೀರು ಹಾಕಿ ಬಿಸಿ ಮಾಡಿಟ್ಟ ಫ್ಲಾಸ್ಕ್ ಡಬ್ಬಿಗೆ ತುಂಬುತ್ತಿದ್ದರು, ನಮಗೆ ಚಿತ್ರಾನ್ನ. ಹನ್ನೊಂದಕ್ಕೆ ತೆಗೆದರೆ ಸರಿ ಇನ್ನೂ ಹಬೆ ಆಡುತ್ತಿತ್ತು. ಸೆಕ್ಯುರಿಟಿಯಲ್ಲಿ ಡಬ್ಬಿ ತೆಗೆಸಿ ನೋಡಿದ ಹುಡುಗ "ಚಾಕೊಲೇಟ್?" ಅಂದ. ಹೌದು ಅಂದಿದ್ದರೂ ನಡೆಯುತ್ತಿತ್ತೇನೋ. ಊಟದ ಕೌಂಟರ್‌ಗಳಲ್ಲಿ ಕೇಳಿದರೆ ಲೋಟದಲ್ಲಿ ತಣ್ಣೀರು ಫ್ರೀ ಕೊಡುತ್ತಾರೆ, ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ.

ಒಂದು ದಿನ ಸುಮ್ಮನೆ ಮಲಗಿ ಎದ್ದು, ಮರುದಿನ ಮ್ಯಾಜಿಕ್ ಕಿಂಗ್‌ಡಮ್. ಈ ದಿನವನ್ನು ನಮ್ಮನೆಯವರು ಬುದ್ಧಿ ಉಪಯೋಗಿಸಿ ಆರಿಸಿದ್ದರು. ಆಗಸ್ಟ್‌ನಿಂದ ಅಕ್ಟೋಬರ್ ತನಕ ಕೆಲವು ರಾತ್ರಿ ಅಲ್ಲಿ ಹ್ಯಾಲೋವೀನ್ ಪಾರ್ಟಿ ಇರುತ್ತೆ, ಅದಕ್ಕೆ ಬೇರೆ ಟಿಕೆಟ್. ಆ ದಿನಗಳಲ್ಲಿ ಮಾಮೂಲಿ ಟಿಕೆಟ್‌ನವರು ಸಂಜೆ ಆರಕ್ಕೆ ಹೊರಡಬೇಕು. ರಾತ್ರಿಯ ಪಟಾಕಿ ಸಿಗಲ್ಲ ಅಂತ ಬಹಳ ಜನ ಆ ದಿನ ಬರುವುದಿಲ್ಲ, ಹಾಗಾಗಿ ಹಗಲು ಕ್ಯೂ ಕಡಿಮೆ. ಏಳೂವರೆಗೆ ಮಲಗುವ ಕೂಸು ಇರುವವರಿಗೆ ಇದಕ್ಕಿಂತ ಇನ್ನೇನು ಬೇಕು. ಪಟಾಕಿ ಸದ್ದಿನ ತಲೆನೋವೂ ಇಲ್ಲ.

ಕಾರು ನಿಲ್ಲಿಸಿದ ಜಾಗದಿಂದ ಈ ಪಾರ್ಕಿಗೆ ನಡೆದು ಹೋಗೋಕೆ ತುಂಬಾ ದೂರ, ಮಾನೋರೈಲ್ ಅಥವಾ ದೊಡ್ಡ ದೋಣಿ ಹತ್ತೋದೇ ಸುಲಭ. ಎರಡರಲ್ಲೂ ಸ್ಟ್ರೋಲರ್ ಮಡಚದೆ ತಳ್ಳಿಕೊಂಡು ಹೋಗಬಹುದು. ಬಸ್ಸಿನಲ್ಲಾದರೆ ಮಡಚಬೇಕು, ಅಂದರೆ ಮಲಗಿದ ಮಗುವನ್ನು ಎಬ್ಬಿಸಬೇಕು. ನಮಗೆ ದೋಣಿಯೇ ಸರಿಹೋಯಿತು.

ಸ್ಟ್ರೋಲರ್ ಬಗ್ಗೆ ಇನ್ನೊಂದು ಮಾತು. ಕ್ಯೂ ಒಳಗೆ ಅದನ್ನು ಬಿಡುವುದಿಲ್ಲ, ಹೊರಗೆ ನಿಲ್ಲಿಸೋ ಜಾಗದಲ್ಲಿ ಬಿಟ್ಟು ಮಗುವನ್ನು ಎದೆಗೆ ಕಟ್ಟಿಕೊಳ್ಳಬೇಕು. ವಾಪಸ್ ಬಂದು ನೋಡಿದರೆ ಅದು ಬಿಟ್ಟ ಜಾಗದಲ್ಲಿ ಇರಲ್ಲ, ಅಲ್ಲಿನ ಸಿಬ್ಬಂದಿ ಸಾಲು ಸರಿ ಮಾಡುತ್ತಾ ಅತ್ತಿತ್ತ ಸರಿಸಿರುತ್ತಾರೆ. ನೂರಾರು ಕಪ್ಪು ಸ್ಟ್ರೋಲರ್, ನಮ್ಮದೂ ಕಪ್ಪು. ಎಪ್‌ಕಾಟ್‌ನಲ್ಲಿ ಬೇರೆಯವರದ್ದನ್ನು ಹತ್ತು ಹೆಜ್ಜೆ ತಳ್ಳಿಕೊಂಡು ಹೋಗಿದ್ದೆ ಕೂಡ. ಇದನ್ನು ಕೇಳಿ ಅಮ್ಮ ತಮ್ಮ ಬ್ಯಾಗಿನಿಂದ ಯಾರೋ ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದ ಗಿಳಿಹಸಿರು ರವಿಕೆ ಕಣ ತೆಗೆದು ಹಿಡಿಗೆ ಗಂಟು ಹಾಕಿದರು. ದೂರದಿಂದಲೇ ಕಾಣುತ್ತಿತ್ತು. ಆ ದಿನ ಒಂದು ಸಲವೂ ಹುಡುಕಲಿಲ್ಲ.

ಮೊದಲು ಹತ್ತಿದ್ದು ಸ್ಮಾಲ್ ವರ್ಲ್ಡ್. 1964ರ ನ್ಯೂಯಾರ್ಕ್ ವರ್ಲ್ಡ್ ಫೇರ್‌ಗೆ ಅಂತ ಮಾಡಿದ ರೈಡ್ ಅದು, ಆಮೇಲೆ ಇಲ್ಲೂ ಕಟ್ಟಿದರು. ದೋಣಿ ನಿಧಾನ ಹೋಗುತ್ತೆ, ಎರಡು ಕಡೆ ದೇಶ ದೇಶದ ಉಡುಪಿನ ನೂರಾರು ಬೊಂಬೆ, ಒಂದೇ ಹಾಡು. ಅಮ್ಮ ಕೈ ಬಾಯಿ ಮೇಲಿಟ್ಟುಕೊಂಡು "ದಸರಾ ಬೊಂಬೆ ಕೂರಿಸಿದ ಹಾಗೇ ಇದೆಯಲ್ಲೇ" ಅಂದರು. ಆ ವರ್ಷ ಪ್ರಯಾಣದ ಗಡಿಬಿಡಿಯಲ್ಲಿ ಮನೆಯಲ್ಲಿ ಬೊಂಬೆ ಕೂರಿಸಿರಲಿಲ್ಲ. ಪುಟ್ಟ ಪೂರ್ತಿ ಹೊತ್ತು ಬಾಯಿ ತೆರೆದುಕೊಂಡು ಕೂತಿದ್ದ, ಜೊಲ್ಲು ನನ್ನ ತೋಳಿನ ಮೇಲೆ. ಕತ್ತಲಿನ ಕಡಲ್ಗಳ್ಳರ ರೈಡ್‌ನಲ್ಲಿ ಮಾತ್ರ ದೋಣಿ ಜಾರಿದ ಕೂಡಲೇ ಕಿಟಾರನೆ ಕಿರುಚಿದ, ಮುಗಿಯುವ ತನಕ ನಿಲ್ಲಿಸಲಿಲ್ಲ. ಎಷ್ಟೋ ರೈಡ್‌ಗೆ ಎತ್ತರದ ನಿಯಮ ಇಲ್ಲ, ಕೂಸನ್ನೂ ಕರೆದುಕೊಂಡು ಹೋಗಬಹುದು. ಬಿಡುತ್ತಾರೆ ಅಂತ ಎಲ್ಲದಕ್ಕೂ ಹತ್ತಬೇಕಿಲ್ಲ ಅಷ್ಟೆ.

ದೊಡ್ಡವಳಿಗೆ ಏಳು ಕುಳ್ಳರ ಗಣಿ ರೈಲು ಬೇಕೇ ಬೇಕಿತ್ತು. ಅದಕ್ಕೆ 38 ಇಂಚು ಎತ್ತರ ಇರಬೇಕು. ಅವಳು 43. (44 ಇಂಚು ಎತ್ತರ ಬೇಕಾದ ಸ್ಪೇಸ್ ಮೌಂಟನ್ ರೈಡ್ ಮುಂದೆ ಒಂದು ಇಂಚಿಗೆ ಕಣ್ಣೀರು ಹಾಕಿದಳು, ಆ ಕಥೆ ಬೇರೆ.) ಇಂಥ ಕಡೆ ರೈಡರ್ ಸ್ವಿಚ್ ಕೇಳಿ. ಎಲ್ಲರೂ ಒಟ್ಟಿಗೆ ಬಾಗಿಲಲ್ಲಿರುವ ಸಿಬ್ಬಂದಿ ಹತ್ತಿರ ಹೋಗಿ ಹೇಳಬೇಕು. ಒಬ್ಬರು ಮಗು ಹಿಡಿದು ಹೊರಗೆ ಇರುತ್ತಾರೆ, ಮಿಕ್ಕವರು ಕ್ಯೂನಲ್ಲಿ ನಿಂತು ಹೋಗಿ ಬರುತ್ತಾರೆ, ಆಮೇಲೆ ಹೊರಗಿದ್ದವರು ಉದ್ದದ ಕ್ಯೂ ಇಲ್ಲದೆ ಬೇರೆ ದಾರಿಯಲ್ಲಿ ಹೋಗಬಹುದು. ದೊಡ್ಡವಳು ಅಪ್ಪನ ಜೊತೆ ಒಂದು ಸಲ, ನನ್ನ ಜೊತೆ ಇನ್ನೊಂದು ಸಲ ಹೋದಳು. ಅಮ್ಮ ಇದ್ದಾರಲ್ಲ, ಅವರಿಗೇ ಮಗು ಕೊಟ್ಟು ನಾವೆಲ್ಲ ಒಟ್ಟಿಗೆ ಹೋಗಬಹುದಿತ್ತು ಅಂತ ನೀವು ಕೇಳಬಹುದು. ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅವರೂ ಟಿಕೆಟ್ ತಗೊಂಡು ಬಂದವರು, ಅವರನ್ನು ಇಡೀ ದಿನ ಬೆಂಚಿನ ಮೇಲೆ ಮಗು ಕಾಯೋಕೆ ಕೂರಿಸಿದರೆ ಚೆನ್ನಾಗಿರುತ್ತಾ?

ಮಧ್ಯಾಹ್ನದ ನಿದ್ದೆಗೆ ಪೀಪಲ್ ಮೂವರ್. ಮೇಲ್ಸೇತುವೆ ಮೇಲೆ ಸುಮಾರು ಹತ್ತು ನಿಮಿಷ ಸಾಗುವ ತೆರೆದ ಗಾಡಿ, ಮೇಲೆ ನೆರಳು, ಸದಾ ಗಾಳಿ. ಹತ್ತೋಕೆ ಮಾತ್ರ ಚಲಿಸುವ ಪಟ್ಟಿ ಮೇಲೆ ಕಾಲಿಡಬೇಕು, ಅಮ್ಮನ ಮೊಣಕಾಲಿಗೆ ಅದೊಂದು ಪರೀಕ್ಷೆ. ನಮ್ಮನೆಯವರು "ಅತ್ತೆ, ಬಲಗಾಲು ಮೊದಲು" ಅಂತ ಕೈ ಹಿಡಿದು ಹತ್ತಿಸಿದರು, ಹೊಸಿಲು ದಾಟಿಸುವ ಹಾಗೆ. ಕೂತ ಮೇಲೆ ಅಮ್ಮನಿಗೆ ಇಳಿಯೋ ಮನಸ್ಸೇ ಇಲ್ಲ. ಎರಡನೇ ಸುತ್ತಿನಲ್ಲಿ ಪುಟ್ಟ ಅವರ ತೊಡೆ ಮೇಲೆ ನಿದ್ದೆ ಹೋದ, ಮೂರನೇ ಸುತ್ತಿಗೆ ಅವರೂ ತೂಕಡಿಸುತ್ತಿದ್ದರು. ಮಲಗಿದ್ದಾನೆ, ಇನ್ನೇನಾದರೂ ನೋಡೋಣ ಅಂತ ಈ ಸಲ ನನಗೆ ಅನ್ನಿಸಲೇ ಇಲ್ಲ.

ಮಿಕ್ಕಿ ಮೌಸ್‌ನನ್ನೂ ನೋಡಿದೆವು. ಅಮ್ಮ ಬೆಳಿಗ್ಗೆ ಪುಟ್ಟನ ಕೆನ್ನೆಗೆ ಇಟ್ಟಿದ್ದ ಕಾಡಿಗೆ ಬೊಟ್ಟು ಸನ್‌ಸ್ಕ್ರೀನ್ ಜೊತೆ ಕರಗಿ ಅರ್ಧ ಮುಖ ಬೂದಿ ಬಣ್ಣ. ಫೋಟೋದಲ್ಲಿ ಮಿಕ್ಕಿ ನಗುತ್ತಿದ್ದಾನೆ, ಪುಟ್ಟ ಹೊಗೆಗೂಡಿನಿಂದ ಬಂದವನ ಹಾಗಿದ್ದಾನೆ. ಮೇನ್ ಸ್ಟ್ರೀಟ್‌ನಲ್ಲಿ ಒಂದು ಕ್ಷೌರದಂಗಡಿಯೂ ಇದೆ, ಮಕ್ಕಳ ಮೊದಲ ಕ್ಷೌರ ಮಾಡಿಸಿದರೆ ಕಿವಿ ಟೋಪಿ, ಸರ್ಟಿಫಿಕೇಟ್ ಕೊಡುತ್ತಾರೆ. ನಾನು ಸುಮ್ನೆ ಕಿಟಕಿಯಲ್ಲಿ ಇಣುಕಿದ್ದಕ್ಕೇ ಅಮ್ಮ ಸ್ಟ್ರೋಲರ್ ಹಿಡಿದು ಎಳೆದರು. "ಧರ್ಮಸ್ಥಳಕ್ಕೆ ಹೊತ್ತಿರೋ ಮುಡಿ ಕಣೇ ಅದು, ಕತ್ತರಿ ತೋರಿಸಬೇಡ!"

ವಾಪಸ್ ದಾರಿ ಹನ್ನೊಂದು ಗಂಟೆ ಹಿಡಿಯಿತು. ಜಾರ್ಜಿಯಾ ಒಳಗೆ ಬಂದ ಮೇಲೆ ಪುಟ್ಟ ಕಾರ್ ಸೀಟ್ ಕಂಡರೆ ಬೆನ್ನು ಬಿಲ್ಲು ಮಾಡೋಕೆ ಶುರು ಮಾಡಿದ, ಒಂದು ಪೆಟ್ರೋಲ್ ಬಂಕ್ ಪಕ್ಕದ ಹುಲ್ಲಿನ ಮೇಲೆ ಮುಕ್ಕಾಲು ಗಂಟೆ ಕೂತು ಉಳಿದ ಚಿತ್ರಾನ್ನ ಖಾಲಿ ಮಾಡಿದೆವು. ಮನೆಗೆ ಬಂದ ಮರುದಿನಕ್ಕೂ ರಜೆ ಹಾಕಿಟ್ಟಿದ್ದೆವು. ಒಂದು ಇಡೀ ದಿನ ಬಟ್ಟೆ ಒಗೆಯೋದರಲ್ಲೇ ಹೋಯಿತು. ರವಿಕೆ ಕಣ ಮಾತ್ರ ಬಿಚ್ಚಲಿಲ್ಲ, ಗಂಟು ಅಷ್ಟು ಗಟ್ಟಿ ಹಾಕಿದ್ದರು.