ಟ್ಯೂಷನ್ ಬಿಡಿಸಿದ ಮೇಲೆ ಬಂದ ಕನ್ನಡ

ಒಂಬತ್ತು ವರ್ಷ ನ್ಯೂಜೆರ್ಸಿಯಲ್ಲಿದ್ದು ಬಸವನಗುಡಿಗೆ ವಾಪಸ್ ಬಂದಾಗ ಮಗನಿಗೆ 11, ಮಗಳಿಗೆ 7. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಲ್ಲೇ. "ಇನ್ನು ಇವರ ನಾಲಿಗೆ ತಿರುಗಲ್ಲ ಬಿಡು" ಅಂತ ನನ್ನ ಷಡ್ಡಕ ಷರಾ ಬರೆದುಬಿಟ್ಟ. ಒಂದೂವರೆ ವರ್ಷದಲ್ಲಿ ತಿರುಗಿತು. ಇಲ್ಲೇ ಹುಟ್ಟಿ ಬೆಳೆದ ಅವನ ಮಕ್ಕಳಿಗಿಂತ ಈಗ ನಮ್ಮವರೇ ವಾಸಿ!

ಮೊದಲು ದುಡ್ಡು ಹಾಳು ಮಾಡಿದ್ದು ಹೇಳುತ್ತೇನೆ. ಅಲ್ಲಿದ್ದಾಗ ಆನ್‌ಲೈನ್ ಕ್ಲಾಸಿಗೆ ತಿಂಗಳಿಗೆ 60 ಡಾಲರ್ ಹತ್ತಿರ, ಸುಮಾರು ಎರಡು ವರ್ಷ. ಬಂದದ್ದು ಬಣ್ಣಗಳ ಹೆಸರು, ಅಷ್ಟೇ. ಇಲ್ಲಿ ಮನೆಗೆ ಬರುವ ಮೇಷ್ಟ್ರಿಗೆ 4,000. ಮಕ್ಕಳು ಕಾಗುಣಿತ ದುಂಡಗೆ ಬರೆದರು, ಬಾಯಿ ಬಿಡಲಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಪಾಠ ಇದೆ, ನಿಜ. ಆದರೆ ಮಾರ್ಕ್ಸ್ ಬಂದ ಮಾತ್ರಕ್ಕೆ ಮಾತು ಬರಲ್ಲ, ಅಲ್ವಾ?

ಆಮೇಲೆ ದಂಡದ ಡಬ್ಬಿ. ಊಟದ ಹೊತ್ತಲ್ಲಿ ಒಂದು ಇಂಗ್ಲಿಷ್ ವಾಕ್ಯಕ್ಕೆ 10 ರೂಪಾಯಿ. ಮಕ್ಕಳು ಮಾತಾಡೋದನ್ನೇ ನಿಲ್ಲಿಸಿದರು. ವಾರದ ಕೊನೆಗೆ ಡಬ್ಬಿಯಲ್ಲಿ 400 ಚಿಲ್ಲರೆ ಇತ್ತು, ಪೂರ್ತಿ ನನ್ನದೇ.

    

ಕೊನೆಗೆ ಕೆಲಸ ಮಾಡಿದ್ದು ಗಾಂಧಿ ಬಜಾರ್. ಟ್ಯೂಷನ್ ಬಿಡಿಸಿ, ಶನಿವಾರ ಬೆಳಿಗ್ಗೆ ಮಕ್ಕಳನ್ನು ಅಜ್ಜಿ, ಅಂದರೆ ನನ್ನ ಅಮ್ಮನ ಜೊತೆ ಕಳಿಸಿದೆವು. ಫೋನ್ ಮನೆಯಲ್ಲೇ. ಮಗನ ಕೈಗೆ 300 ರೂಪಾಯಿ. ಸೊಪ್ಪು, ಹೂವು, ಬಾಳೆಹಣ್ಣು ತಂದು ಉಳಿದದ್ದು ಅವರದ್ದೇ. ಅಜ್ಜಿ ಸುಮ್ನೆ ಪಕ್ಕದಲ್ಲಿ ನಿಲ್ಲಬೇಕು, ವ್ಯಾಪಾರ ಮಾಡಕೂಡದು. ಮೊದಲ ಮೂರು ವಾರ ಕೇಳಿದಷ್ಟು ಕೊಟ್ಟು ಬಂದರು. ನಾಲ್ಕನೇ ವಾರ ಮಗನಿಗೆ ಹೊಟ್ಟೆ ಉರಿಯಿತು. ಹೂವಿನಾಕೆ ಮೊಳ ಹಾಕುವಾಗ ಕೈ ಪೂರ್ತಿ ಚಾಚುತ್ತಿಲ್ಲ ಅಂತ ಅನುಮಾನ. "ನಾನೇ ಅಳೀತೀನಿ" ಅಂದನಂತೆ. ಆಕೆ ನಕ್ಕು, "ಅಳತೆ ಹಾಕು ರಾಜ, ನಿನ್ನ ಮೋಟು ಕೈಗೆ ನನಗೇ ಲಾಭ" ಅಂದಳಂತೆ. ಮನೆಗೆ ಬಂದು ಆ ಜಗಳವನ್ನು ಅರ್ಧ ಗಂಟೆ ಕನ್ನಡದಲ್ಲೇ ಹೇಳಿದ.

ಹುರುಪಿನಲ್ಲಿ ಒಂದು ಸಲ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ತಳ್ಳಾಟಕ್ಕೆ ಮಗಳು ಅತ್ತುಬಿಟ್ಟಳು. ಆಟೋಗೆ ಕೊಟ್ಟ ದುಡ್ಡು ದಂಡ.

ಮಗಳ ಬಾಯಿ ಬಿಡಿಸಿದ್ದು ಅಜ್ಜಿಯೇ. ಇಂಗ್ಲಿಷಲ್ಲಿ ಏನು ಕೇಳಿದರೂ "ಗೊತ್ತಾಗ್ಲಿಲ್ಲ ಕಂದ" ಅನ್ನುತ್ತಿದ್ದಳು. ಮೊದಲ ತಿಂಗಳು ಮಗಳು ನನ್ನನ್ನು ದುಭಾಷಿ ಮಾಡಿಕೊಂಡಳು, ನಾನು ಬೇಕಂತಲೇ ಸಿಗುತ್ತಿರಲಿಲ್ಲ. ಹಟ ಹಿಡಿದಾಗ ಅಜ್ಜಿ ಮಾಡುತ್ತಿದ್ದ ಇನ್ನೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ. ಚಿಕ್ಕವಳಿಗೆ ಇನ್ನೂ ಗೊತ್ತಿಲ್ಲ.

ಅಮ್ಮ 30 ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು. ಮೊನ್ನೆ ಕ್ರೆಡಿಟ್ ಕಾರ್ಡ್ ಮಾರುವವನಿಗೆ ಫೋನಲ್ಲಿ ಇಂಗ್ಲಿಷಲ್ಲೇ ಝಾಡಿಸುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಮಗಳು ಕೂಗಿದಳು: "ಅಜ್ಜೀ, ಮೋಸ! ನಿಂಗೆ ಎಲ್ಲಾ ಬರುತ್ತೆ!"