ಫ್ಯಾನಿನ ಮುಂದಿನ ಸುರುಳಿಗೆ ಯಾವ ಕೊಳವೆ ತರಬೇಕು?

ಐಸ್ ಮತ್ತು ನೀರು ತುಂಬಿದ ಥರ್ಮೋಕೋಲ್ ಡಬ್ಬ, ಅದರೊಳಗೆ ಆ ತಣ್ಣೀರನ್ನು ತಳ್ಳುವ ಕೂಲರ್‌ನ 18 ವ್ಯಾಟ್ ಪಂಪು, ಟೇಬಲ್ ಫ್ಯಾನಿನ ಜಾಲರಿಗೆ ಕಟ್ಟಿದ ತಾಮ್ರದ ಸುರುಳಿ. ಏಪ್ರಿಲ್ ಬಂತೆಂದರೆ ಈ ‘ಮನೆಯಲ್ಲೇ ಎಸಿ’ ವಿಡಿಯೊಗಳು ಎಲ್ಲರ ಮೊಬೈಲಿಗೂ ಬರುತ್ತವೆ. ಮಾಡಿ ನೋಡಬಹುದು, ತಪ್ಪೇನಿಲ್ಲ. ಆದರೆ ಹೆಚ್ಚು ದುಡ್ಡು ಹೋಗುವುದು ಕೊಳವೆಗೆ, ಎಡವುವುದೂ ಅಲ್ಲೇ.

ಅದಕ್ಕೂ ಮುಂಚೆ ಒಂದು ಮಾತು. ರಾಯಚೂರು, ಕಲಬುರಗಿಯಂಥ ಒಣಬಿಸಿಲಿನ ಊರಿನವರು ಈ ಗೋಜಿಗೇ ಹೋಗಬೇಡಿ. ಒಂದು ಕಿಲೊ ಐಸ್ ಕರಗುವಾಗ ಹೀರುವ ಶಾಖ 334 ಕಿಲೊಜೂಲ್. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವುದು 2,400ಕ್ಕೂ ಹೆಚ್ಚು. ನಿಮಗೆ ಹುಲ್ಲಿನ ಪ್ಯಾಡಿನ ಮಾಮೂಲಿ ಕೂಲರೇ ಲಾಭ. ಮಂಗಳೂರು, ಕಾರವಾರದ ಸೆಕೆಯಲ್ಲಿ ಒದ್ದೆ ಬಟ್ಟೆಯೇ ಬೇಗ ಆರದು, ಕೂಲರ್ ಏನು ಮಾಡೀತು? ಈ ಸುರುಳಿಗೆ ಅರ್ಥ ಬರುವುದು ಅಲ್ಲಿ. ಮೀನಿನ ದೋಣಿ ನಿಲ್ಲುವ ದಕ್ಕೆಯ ಕಡೆ ಐಸ್ ಕೂಡ ಸಿಗುತ್ತದೆ. ಮನೆಯ ಫ್ರಿಜ್‌ನಲ್ಲೇ ಐಸ್ ಮಾಡಿದರೆ, ಅದು ಹೊರಹಾಕುವ ಬಿಸಿ ನಿಮ್ಮ ಅಡುಗೆಮನೆಯಲ್ಲೇ ಉಳಿಯುತ್ತದೆ, ನೆನಪಿರಲಿ.

ಈಗ ಲೋಹದ ವಿಷಯ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೆ ಸುಮಾರು 400 ಅಂಕವಾದರೆ ಅಲ್ಯೂಮಿನಿಯಂಗೆ 200ರ ಮೇಲೆ, ಸ್ಟೇನ್‌ಲೆಸ್ ಸ್ಟೀಲಿಗೆ ಬರೀ 16, ಪಿವಿಸಿಗೆ 0.2. ಇದನ್ನು ನೋಡಿ ತಾಮ್ರ ಹಾಕಿದರೆ ಎರಡು ಪಟ್ಟು ತಂಪು ಅಂದುಕೊಂಡರೆ ಲೆಕ್ಕ ತಪ್ಪಿತು. ಕೊಳವೆಯ ಗೋಡೆ ಮುಕ್ಕಾಲು ಮಿಲಿಮೀಟರ್ ಕೂಡ ಇರುವುದಿಲ್ಲ. ಅಷ್ಟು ತೆಳುವಾದರೆ ಸ್ಟೀಲನ್ನೂ ಶಾಖ ಸಲೀಸಾಗಿ ದಾಟುತ್ತದೆ. ತಡೆ ಇರುವುದು ಹೊರಮೈಯಲ್ಲಿ, ಗಾಳಿ ತಾಗುವ ಕಡೆ. ಗಾಳಿ ತನ್ನ ಶಾಖ ಬಿಟ್ಟುಕೊಡುವುದರಲ್ಲಿ ಮಹಾ ಜಿಪುಣ. ಹಾಗಾಗಿ ನೀವು ನಿಜವಾಗಿ ಕೊಳ್ಳುತ್ತಿರುವುದು ಮೇಲ್ಮೈಯನ್ನು. ಕೈತೋಟದ ಪಿವಿಸಿ ಪೈಪು ಮಾತ್ರ ಬೇಡ, ಅದರ ದಪ್ಪ ಗೋಡೆಯೇ ಇನ್ನೊಂದು ತಡೆ. ನಾನು ಮೊದಲ ಸಲ ಸುತ್ತಿದ್ದು ಅದನ್ನೇ. ಐಸ್ ಕರಗಿತು, ಗಾಳಿ ಹಾಗೇ ಇತ್ತು.

ಆದರೂ ತಾಮ್ರವನ್ನೇ ಹೇಳುತ್ತೇನೆ. ಕೈಯಲ್ಲಿ ಬಗ್ಗುತ್ತದೆ, ಬೆಸುಗೆ ಹಿಡಿಯುತ್ತದೆ, ಕಿಲುಬು ಹಿಡಿದರೆ ಹುಣಸೆಹುಳಿ ಸಾಕು.

ಎಸಿ ಸಾಮಾನಿನ ಅಂಗಡಿಯಲ್ಲಿ ಕಾಲು ಇಂಚಿನದೂ ಸಿಗುತ್ತದೆ, ‘ಮೂರು ಸೂತ್’ ಅನ್ನುವ 3/8 ಇಂಚಿನದೂ ಸಿಗುತ್ತದೆ. ಕಾಲು ಇಂಚು ಅಗ್ಗವೆಂದು ಆಸೆಪಡಬೇಡಿ. ಅದರ ಒಳಕೊರೆ ಎಷ್ಟು ಕಿರಿದೆಂದರೆ, ಅದೇ ಪಂಪು, ಅಷ್ಟೇ ಉದ್ದಕ್ಕೆ ಮೂರು ಸೂತಿನಲ್ಲಿ ಹರಿಯುವುದಕ್ಕಿಂತ ತೀರಾ ಕಡಿಮೆ ನೀರು ಹರಿಯುತ್ತದೆ. ಸುರುಳಿಯ ಕೊನೆಯ ಸುತ್ತುಗಳಿಗೆ ಹೋಗುವಷ್ಟರಲ್ಲಿ ನೀರಿನ ತಂಪು ಒಂದಿಷ್ಟು ಇಳಿದಿರುತ್ತದೆ. ಮೂರು ಸೂತಿನದೇ ತನ್ನಿ, ಗೋಡೆಯ ದಪ್ಪ 22 ಗೇಜ್ ಸಾಕು. ಹತ್ತು ಮೀಟರ್ ತಂದರೆ ಅದನ್ನು ಐದೈದರ ಎರಡು ಸುರುಳಿ ಮಾಡಿ ನೀರನ್ನು ಎರಡು ಕವಲು ಮಾಡುವ ‘ಟಿ’ ಹಾಕಿ ಜೋಡಿಸಿ, ಪಂಪಿಗೆ ಉಸಿರಾಡಲು ಆಗುತ್ತದೆ.

ಹತ್ತು ಮೀಟರಿಗೆ ಸಿಗುವ ಹೊರಮೈ 0.3 ಚದರ ಮೀಟರ್. ಜೋರು ಫ್ಯಾನಿಟ್ಟರೂ ಇದು ಎಳೆಯುವುದು 400 ವ್ಯಾಟಿನ ಆಸುಪಾಸು. ಒಂದು ಟನ್ ಎಸಿ ಎಳೆಯುವುದು 3,500. ಅಂದರೆ ಕೋಣೆ ತಂಪಾಗುವುದಿಲ್ಲ, ಎದುರಿಗೆ ಕೂತವರ ಮುಖಕ್ಕೆ ಹಿತವಾಗುತ್ತದೆ. ಐದು ಕಿಲೊ ಐಸ್ ಸುಮಾರು ಒಂದೂಕಾಲು ಗಂಟೆಗೆ ಮುಗಿಯುತ್ತದೆ.

ಇಷ್ಟೇನಾ ಅನ್ನುವವರು ಗುಜರಿಗೆ ಹೋಗಿ. ಬೆಂಗಳೂರಾದರೆ ಶಿವಾಜಿನಗರದ ಕಡೆ ಹಳೇ ಕಾರಿನ ಹೀಟರ್ ಕೋರ್ ಕೇಳಿ, ಅಂದರೆ ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್. ಅಂಗೈ ಎರಡರಷ್ಟಿರುವ ಅದರ ತೆಳು ರೆಕ್ಕೆಗಳಲ್ಲಿರುವ ಮೇಲ್ಮೈ ಹತ್ತು ಮೀಟರ್ ಬೋಳು ಕೊಳವೆಗಿಂತ ಎಷ್ಟೋ ಪಾಲು ಹೆಚ್ಚು. ಅದು ಸಿಕ್ಕರೆ ತಾಮ್ರ ಸುತ್ತುವ ಕೆಲಸವೇ ಇಲ್ಲ. ಹಳೇ ಫ್ರಿಜ್ ಬೆನ್ನಿನ ಕಪ್ಪು ಜಾಲರಿಯನ್ನು ಮಾತ್ರ ಕತ್ತರಿಸಬೇಡಿ. ಅದು ಸಾಮಾನ್ಯವಾಗಿ ಕಬ್ಬಿಣದ ಕೊಳವೆ, ತುಕ್ಕು ಹಿಡಿಯುತ್ತದೆ. ಮೇಲಾಗಿ ಒಳಗಿನ ಅನಿಲ ಬೆಂಕಿ ಹೊತ್ತಿಕೊಳ್ಳುವಂಥದ್ದೂ ಇರಬಹುದು.

ತಾಮ್ರ ಕೊಳ್ಳುವಾಗ ತುದಿಯನ್ನು ಚಾಕುವಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಬಣ್ಣ ಬಳಿದ ಅಲ್ಯೂಮಿನಿಯಂ. ಕೈಯಲ್ಲಿ ಹಿಡಿದರೂ ತಿಳಿಯುತ್ತದೆ, ತೂಕ ಮೂರನೇ ಒಂದರಷ್ಟೂ ಇರದು. ಸುರುಳಿಯಾಗಿ ಬರುವ ಮೆದು ತಾಮ್ರವನ್ನೇ ಕೇಳಿ. ನೇರ ಉದ್ದದ ಗಟ್ಟಿ ಕೊಳವೆ ಬಗ್ಗುವ ಬದಲು ಮಡಿಚಿಕೊಳ್ಳುತ್ತದೆ.

ಮೆದು ಕೊಳವೆಯನ್ನೂ ಮೊಣಕಾಲಿಗೆ ಆನಿಸಿ ಬಗ್ಗಿಸಬಾರದು. ಒಣಗಿಸಿ ಜರಡಿ ಹಿಡಿದ ಮರಳನ್ನು ತಟ್ಟಿ ತಟ್ಟಿ ಒಳಗೆ ತುಂಬಿ, ಎರಡೂ ತುದಿ ಬಿರಡೆ ಹಾಕಿ, ಎಣ್ಣೆ ಡಬ್ಬದ ಸುತ್ತ ನಿಧಾನವಾಗಿ ಸುತ್ತಿ. ಒಂದು ಸಲ ಬಗ್ಗಿಸಿದ್ದನ್ನು ನೇರ ಮಾಡಿ ಮತ್ತೆ ಬಗ್ಗಿಸಬೇಡಿ. ತಾಮ್ರ ಬಗ್ಗಿದಷ್ಟೂ ಗಡುಸಾಗಿ ಕೊನೆಗೆ ಬಿರಿಯುತ್ತದೆ. ಆಮೇಲೆ ಮರಳು ಪೂರ್ತಿ ಹೋಗುವವರೆಗೆ ನೀರು ಬಿಡಿ, ಒಂದು ಚಿಟಿಕೆ ಉಳಿದರೂ ಪಂಪು ಕಚ್ಚಿಕೊಳ್ಳುತ್ತದೆ.

ಬೋರ್‌ವೆಲ್ ಗಡಸು ನೀರು ಬೇಡ. ಇನ್ನೂ ತಂಪಾಗಲೆಂದು ಐಸಿಗೆ ಉಪ್ಪು ಹಾಕುವುದೂ ಬೇಡ, ಅಲ್ಯೂಮಿನಿಯಂ ಹೀಟರ್ ಕೋರ್ ಇದ್ದರಂತೂ ಬೇಗ ತೂತು ಬೀಳುತ್ತದೆ. ಸುರುಳಿ ಬೆವರಿ ತೊಟ್ಟಿಕ್ಕುತ್ತದೆ, ಕೆಳಗೆ ತಟ್ಟೆ ಇಡಿ. ಪ್ಲಗ್ ಪಾಯಿಂಟ್ ದೂರವಿರಲಿ, ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದಿದ್ದರೆ ಪಂಪು ಹಚ್ಚಲೇಬೇಡಿ.

ಫ್ಯಾನಿಗೆ ಕಟ್ಟುವ ಮುನ್ನ ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪು ಹಚ್ಚಿ, ಸುರುಳಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ. ಪಂಕ್ಚರ್ ಅಂಗಡಿಯವನು ಟ್ಯೂಬ್ ನೋಡುವ ಹಾಗೆ ಒಂದೊಂದೇ ಸುತ್ತು ತಿರುಗಿಸುತ್ತಾ ಬನ್ನಿ. ಗುಳ್ಳೆ ಬಂದರೆ ಹೆಚ್ಚಾಗಿ ‘ಟಿ’ ಜೋಡಿಸಿದ ಕಡೆ ಬರುತ್ತದೆ.