ಹೋಗುವಾಗ ಬಿಚ್ಚು, ಬರುವಾಗ ಮುಚ್ಚು

ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದಲ್ಲಿ ಅಡಿಕೆ ತುಂಬಿ ಚಳಿಗಾಲದಲ್ಲಿ ದಿಲ್ಲಿಗೆ ಹೋಗುವ ಗಾಡಿಯವರಿಗೆಲ್ಲ ಈ ಕಷ್ಟ ಗೊತ್ತು. ಇಲ್ಲಿ ಗಲಗಲ ಅನ್ನುವಷ್ಟು ಒಣಗಿದ ಮಾಲು. ಅಲ್ಲಿ ಇಳಿಸುವಾಗ ಮೇಲಿನ ಸಾಲಿನ ಚೀಲ ತೇವ. ಬಾಯಿ ಬಿಚ್ಚಿದರೆ ಬೂಷ್ಟಿನ ವಾಸನೆ. ದಾರಿಯಲ್ಲಿ ಮಳೆ ಬಂದಿಲ್ಲ, ತಾಡಪಾಲು ಹರಿದಿಲ್ಲ. ಆದರೂ ನಷ್ಟವನ್ನು ನಮ್ಮ ಬಾಡಿಗೆಯಲ್ಲೇ ಮುರಿದುಕೊಳ್ಳುತ್ತಾರೆ.

ನನಗೆ ದೊಡ್ಡ ಪೆಟ್ಟು ಬಿದ್ದದ್ದು 2019ರ ಡಿಸೆಂಬರ್‌ನಲ್ಲಿ. ಹತ್ತು ಟನ್ ಲೋಡು, ಸುಮಾರು 150 ಚೀಲ. ಅದರಲ್ಲಿ 14 ಚೀಲಕ್ಕೆ ಬೂಷ್ಟು. ಬಾಡಿಗೆ ಎಪ್ಪತ್ತೈದು ಸಾವಿರದ ಆಸುಪಾಸು ಇತ್ತು, ಅದರಲ್ಲಿ 35 ಸಾವಿರ ಹಿಡಿದುಕೊಂಡರು. ಡೀಸೆಲ್, ಟೋಲ್ ಕಳೆದರೆ ಕೈಯಿಂದಲೇ ಹಾಕಿಕೊಂಡು ವಾಪಸ್ ಬಂದೆ. ಎಲ್ಲರೂ ಹೇಳಿದ್ದು ಒಂದೇ ಮಾತು, ತಾಡಪಾಲು ಬದಲಾಯಿಸು ಅಂತ. ಒಂದಾದ ಮೇಲೊಂದು ಮೂರು ಹೊಸ ತಾಡಪಾಲು ತಂದೆ, ಒಂದೊಂದಕ್ಕೆ ಹತ್ತು ಹನ್ನೊಂದು ಸಾವಿರ. ಮೂರನೆಯದನ್ನು ಒಂದು ಹನಿಯೂ ಇಳಿಯದ ಹಾಗೆ ಬಿಗಿದು ಕಟ್ಟಿದೆ. ಆ ಸಲವೇ ನೀರು ಜಾಸ್ತಿ! ಆಗ ನನಗೆ ಖಾತ್ರಿಯಾಯಿತು, ನೀರು ಹೊರಗಿಂದ ಬರುತ್ತಿಲ್ಲ.

ಆಮೇಲೆ ದಾರಿಯ ಊರುಗಳ ಚಳಿ, ಬಿಸಿ ಬರೆಯಲು ನೋಟ್‌ಬುಕ್ ಇಟ್ಟೆ. ನಮ್ಮ ದಾರಿ ನೋಡಿ, ದುರ್ಗದಿಂದ ಹೊಸಪೇಟೆ, ವಿಜಯಪುರ, ಸೊಲ್ಲಾಪುರ, ಬೀಡ್, ಔರಂಗಾಬಾದ್, ಧುಳೆ, ಇಂದೋರ್, ಕೋಟಾ, ಜೈಪುರ, ದಿಲ್ಲಿ. ಮ್ಯಾಪಿನಲ್ಲಿ ಹೆಚ್ಚುಕಡಿಮೆ ಸೀದಾ ಉತ್ತರಕ್ಕೆ ಗೆರೆ ಎಳೆದ ಹಾಗಿದೆ. ದುರ್ಗ 14 ಅಕ್ಷಾಂಶದ ಮೇಲೆ ಸ್ವಲ್ಪ, ದಿಲ್ಲಿ ಇಪ್ಪತ್ತೆಂಟೂವರೆ. ಬೇರೆ ಬೇರೆ ಅಕ್ಷಾಂಶದ ಹವಾಮಾನ ಹೋಲಿಸಲು ಇದಕ್ಕಿಂತ ಒಳ್ಳೆಯ ದಾರಿ ಬೇಕಾ? ಐದು ರಾತ್ರಿ, ಐದು ಕಡೆ ನಿಲುಗಡೆ. ನಮ್ಮೂರಿನ ಹಿರಿಯ ಡ್ರೈವರ್ ಒಬ್ಬರು ಮಾತ್ರ, "ಲೇ ತಮ್ಮಾ, ಗಾಳಿ ಅಳೀತಾ ಕೂತ್ರೆ ಬಾಡಿಗೆ ಯಾರು ದುಡೀತಾರೆ?" ಅಂದರು.

ಮೊದಲ ನಾಲ್ಕು ಟ್ರಿಪ್ಪಿನ ಲೆಕ್ಕ ಪೂರ್ತಿ ಹಾಳು. ಬಿಸಿ ಅಳೆಯುವ ಮೀಟರ್ ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದೆ. ಅದು ತೋರಿಸಿದ್ದು ಎಂಜಿನ್ನಿನ ಬಿಸಿ, ಗಾಜಿನ ಬಿಸಿ. ಆಮೇಲೆ ಹಿಂದಿನ ಚಕ್ರದ ಹತ್ತಿರ ಕಟ್ಟಿದೆ, ಬ್ರೇಕ್ ಡ್ರಮ್ಮಿನ ಕಾವು ತಿಂದಿತು. ಕೊನೆಗೆ ಬಿಳಿ ಪೇಂಟ್ ಹೊಡೆದ, ನಾಲ್ಕೂ ಕಡೆ ತೂತು ಕೊರೆದ ಸಣ್ಣ ಮರದ ಡಬ್ಬಿ ಮಾಡಿಸಿದೆ. ಗಾಡಿ ನಿಲ್ಲಿಸಿ ಅರ್ಧ ಗಂಟೆ ಆದ ಮೇಲೆ, ಗಾಡಿಯಿಂದ ದೂರ ಮರದ ಕೊಂಬೆಗೆ ನೇತುಹಾಕಿ ನೋಡುವುದು. ತೇವಾಂಶವನ್ನೂ ತೋರಿಸುವ, ವೈರು ಇರುವ ಮೀಟರಿಗೆ ಆಗ ಆರುನೂರು ರೂಪಾಯಿ ಕೊಟ್ಟೆ. ಎರಡು ತಗೊಳ್ಳಿ, ಒಂದನ್ನೇ ನಂಬಬೇಡಿ. ಪುಡಿ ಮಾಡಿದ ಐಸ್ ನೀರಿನಲ್ಲಿ ಎರಡರ ವೈರನ್ನೂ ಅದ್ದಿ ನೋಡಿದೆ, ಸೊನ್ನೆ ಬರಬೇಕು. ನನ್ನ ಎರಡರಲ್ಲಿ ಒಂದು ಮೀಟರ್, ಒಂದೂವರೆ ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಇವತ್ತಿಗೂ ಅಷ್ಟು ಕಳೆದೇ ಬರೆಯುತ್ತೇನೆ.

ಇನ್ನೊಂದು ತಪ್ಪು, ಸಿಕ್ಕ ಸಿಕ್ಕ ಹೊತ್ತಿಗೆ ನೋಡುತ್ತಿದ್ದದ್ದು. ಒಂದೂರಿನದು ರಾತ್ರಿ ಹತ್ತಕ್ಕೆ, ಇನ್ನೊಂದೂರಿನದು ಬೆಳಿಗ್ಗೆ ಎಂಟಕ್ಕೆ ಬರೆದರೆ ಹೋಲಿಸುವುದು ಏನನ್ನು? ಈಗ ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಒಮ್ಮೆ, ಮಧ್ಯಾಹ್ನ ಎರಡೂವರೆ ಮೂರಕ್ಕೆ ಒಮ್ಮೆ, ಅಷ್ಟೇ. ಡಿಸೆಂಬರ್ ಕೊನೆಗೆ ದುರ್ಗದಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲಿಗೆ, ದಿಲ್ಲಿಯಲ್ಲಿ ಏಳೂ ಹತ್ತಕ್ಕೆ. ಗಡಿಯಾರ ನೋಡಬೇಡಿ, ಪೂರ್ವ ನೋಡಿ.

ಧುಳೆ ನನ್ನನ್ನು ಬಹಳ ದಿನ ಗೊಂದಲಕ್ಕೆ ಹಾಕಿತ್ತು. ಔರಂಗಾಬಾದಿಗಿಂತ ಒಂದು ಅಕ್ಷಾಂಶ ಉತ್ತರಕ್ಕಿದೆ, ಆದರೂ ಮಧ್ಯಾಹ್ನ ಎರಡು ಡಿಗ್ರಿ ಬಿಸಿ ಜಾಸ್ತಿ. ಆಗ ದೊಡ್ಡ ಗಾಡಿಗಳನ್ನು ಇವೆರಡರ ನಡುವಿನ ಕನ್ನಡ್ ಘಾಟಿನಲ್ಲಿ ಬಿಡುತ್ತಿದ್ದರು, 2023ರಿಂದ ಬಿಡುತ್ತಿಲ್ಲ. ಹೌದು, ಆ ಊರಿನ ಹೆಸರೇ ಕನ್ನಡ್. ಅಲ್ಲಿ ಬೋರ್ಡ್ ಕಂಡಾಗಲೆಲ್ಲ ನನಗೆ ಊರು ನೆನಪಾಗುತ್ತಿತ್ತು. ಆ ಘಾಟ್ ಇಳಿಯುವಾಗಲೇ ಹೊಳೆದದ್ದು, ಇದು ಅಕ್ಷಾಂಶದ ಆಟವಲ್ಲ, ಎತ್ತರದ್ದು. ಔರಂಗಾಬಾದ್ 570 ಮೀಟರ್ ಎತ್ತರ, ಧುಳೆ ಬರೀ 250. ಸಾವಿರ ಮೀಟರ್ ಇಳಿದರೆ ಸುಮಾರು ಆರೂವರೆ ಡಿಗ್ರಿ ಬಿಸಿ ಏರುತ್ತದೆ. ದುರ್ಗ ಸುಮಾರು 730 ಮೀಟರ್. ಅಲ್ಲಿಂದ ಪ್ರತಿ ಊರಿನ ಮಧ್ಯಾಹ್ನದ ಲೆಕ್ಕವನ್ನು ದುರ್ಗದ ಎತ್ತರಕ್ಕೆ ತಂದು ಬರೆದೆ. ಆಮೇಲೇ ಅಂಕಿ ಸಾಲಾಗಿ ಕೂತವು.

ಡಿಸೆಂಬರ್ ಜನವರಿಯಲ್ಲಿ ನನಗೆ ಸಿಕ್ಕಿದ್ದು ಹೆಚ್ಚುಕಡಿಮೆ ಹೀಗೆ, ಎತ್ತರದ ಲೆಕ್ಕ ಹಾಕುವ ಮುಂಚೆ ಮೀಟರ್ ತೋರಿಸಿದ ಹಾಗೇ. ಬೆಳಗಿನ ಜಾವ ದುರ್ಗದಲ್ಲಿ 17, ಸೊಲ್ಲಾಪುರದಲ್ಲಿ 15-16, ಇಂದೋರ್ 10, ಕೋಟಾ 9, ದಿಲ್ಲಿ 7. ಮಧ್ಯಾಹ್ನ ದುರ್ಗ 29, ಸೊಲ್ಲಾಪುರ 31, ಇಂದೋರ್ 26, ದಿಲ್ಲಿ 20-21. ಹಗಲು ರಾತ್ರಿಯ ಅಂತರ ನಮ್ಮಲ್ಲಿ ಹನ್ನೆರಡು, ಇಂದೋರಿನಲ್ಲಿ ಹದಿನಾರು. ಅದೂ ಅಲ್ಲದೆ ಡಿಸೆಂಬರ್‌ನಲ್ಲಿ ದಿಲ್ಲಿಯ ರಾತ್ರಿ ನಮ್ಮದಕ್ಕಿಂತ ಸುಮಾರು ಒಂದು ಗಂಟೆ ಉದ್ದ. ನೆಲ ತಣಿಯಲು ಅಷ್ಟು ಹೊತ್ತು ಜಾಸ್ತಿ ಸಿಕ್ಕ ಹಾಗಾಯಿತಲ್ವಾ?

ಒಂದು ವೈರನ್ನು ಲೋಡಿನ ನಡುವೆ, ಚೀಲಗಳ ಸಂದಿಗೆ ಬಿಟ್ಟಿದ್ದೆ. 2021ರ ಡಿಸೆಂಬರ್, ಇಂದೋರ್ ದಾಟಿ ಒಂದು ಢಾಬಾ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದರೆ ಹೊರಗೆ 10, ಲೋಡಿನೊಳಗೆ 26. ಮೂರು ದಿನವಾದರೂ ಒಳಗಿದ್ದದ್ದು ದುರ್ಗದ ಗಾಳಿಯೇ! ತಾಡಪಾಲಿನ ಅಂಚು ಎತ್ತಿ ಟಾರ್ಚ್ ಬಿಟ್ಟೆ. ಇಡ್ಲಿ ಪಾತ್ರೆ ಮುಚ್ಚಳದ ಒಳಗೆ ನಿಲ್ಲುತ್ತದಲ್ಲ, ಹಾಗೆ ಸಾಲು ಸಾಲು ಹನಿ. ಬೆರಳಿಂದ ಮುಟ್ಟಿದರೆ ಒಂದಕ್ಕೊಂದು ಕೂಡಿಕೊಂಡು ಪಟಪಟ ಚೀಲದ ಮೇಲೆ ಬಿದ್ದವು. ಕ್ಲೀನರ್ ಹುಡುಗ, "ಅಣ್ಣಾ, ಅಡಿಕೆ ಬೆವರ್ತಾ ಇದೆ" ಅಂದ. ಅವನ ಮಾತೇ ಸರಿ. ಎಲ್ಲಕ್ಕಿಂತ ಚಳಿ ಇರುವ ದಿಲ್ಲಿಯಲ್ಲಿ ಅಷ್ಟು ಹನಿ ಇರುವುದಿಲ್ಲ. ಅಲ್ಲಿಗೆ ಹೋಗುವಷ್ಟರಲ್ಲಿ ಲೋಡು ತಣ್ಣಗಾಗಿರುತ್ತದೆ. ಅನಾಹುತವೆಲ್ಲ ಇಂದೋರ್, ಕೋಟಾ ನಡುವಿನ ಎರಡು ರಾತ್ರಿಯಲ್ಲೇ.

ಮದ್ದು ಸುಲಭ. ಬೆಳಗಿನ ಇಬ್ಬನಿಯಲ್ಲಿ ಲೋಡ್ ಮಾಡಿಸುವುದಿಲ್ಲ, ಮಧ್ಯಾಹ್ನವೇ ತುಂಬುವುದು. ಸೊಲ್ಲಾಪುರ ದಾಟಿದ ಮೇಲೆ ದಿನಾ ಮಧ್ಯಾಹ್ನ ಎರಡರಿಂದ ಐದರವರೆಗೆ ತಾಡಪಾಲು ಬಿಚ್ಚಿ ಗಾಳಿಗೆ ಬಿಡುವುದು, ಗಾಳಿ ಆಗಲೇ ಚೆನ್ನಾಗಿ ಒಣಗಿರುತ್ತದೆ. ರಾತ್ರಿ ಬಿದಿರಿನ ಗಳ ಕೊಟ್ಟು ತಾಡಪಾಲು ಚೀಲಕ್ಕೆ ತಾಗದಂತೆ ಎತ್ತಿ, ಹಿಂದೆ ಮುಂದೆ ಗಾಳಿಗೆ ದಾರಿ ಬಿಡುವುದು. ಮೇಲಿನ ಸಾಲಿಗೆ ಖಾಲಿ ಗೋಣಿಚೀಲ ಎರಡು ಪದರ. ಗಳವನ್ನು ಯಾವ ಓರೆಯಲ್ಲಿ ಕಟ್ಟಿದರೆ ಹನಿ ಚೀಲಕ್ಕೆ ಬೀಳದೆ ಪಕ್ಕದ ಹಲಗೆಗೆ ಹರಿಯುತ್ತದೆ ಅನ್ನುವುದು ನನ್ನ ಹೊಟ್ಟೆಪಾಡು, ಅದೊಂದನ್ನು ಬರೆಯುವುದಿಲ್ಲ. ಕಳ್ಳರ ಭಯಕ್ಕೆ ನಾನು ಅರ್ಧ ರಾತ್ರಿ, ಕ್ಲೀನರ್ ಅರ್ಧ ರಾತ್ರಿ ಕಾವಲು. ಅಡಿಕೆ ಲೋಡು ಅಂದರೆ ಲಕ್ಷಗಟ್ಟಲೆ ರೂಪಾಯಿಯ ಮಾಲು, ಬಿಚ್ಚಿಟ್ಟು ಮಲಗುವ ಹಾಗಿಲ್ಲ.

ಒಮ್ಮೆ ಇದೂ ಕೈಕೊಟ್ಟಿತು. ಜನವರಿಯಲ್ಲಿ ಕೋಟಾ ಹತ್ತಿರ ಬೆಳಗಿನ ಜಾವ 14 ತೋರಿಸಿತು. ಚಳಿ ಕಮ್ಮಿ ಅಂತ ಖುಷಿಪಟ್ಟು ತಾಡಪಾಲು ಬಿಗಿಯದೆ ಹಾಗೇ ಬಿಟ್ಟೆ. ಚಳಿ ಕಮ್ಮಿ ಆಗಿದ್ದು ಮೋಡದಿಂದ. ನಮ್ಮಲ್ಲಿ ಜನವರಿ ಅಂದರೆ ಒಣ ಆಕಾಶ, ಆದರೆ ಆ ಅಕ್ಷಾಂಶದಲ್ಲಿ ಚಳಿಗಾಲಕ್ಕೂ ಪಶ್ಚಿಮದಿಂದ ಮೋಡ ಬಂದು ಮಳೆ ಸುರಿಸುತ್ತದೆ. ಆರು ಚೀಲ ನೆನೆದವು. ಒಂದು ದಿನ ನಿಂತು ಒಣಗಿಸಿದೆ. ರಾತ್ರಿ ಸುಮ್ನೆ ಬೆಚ್ಚಗಾದರೆ ಈಗ ಮೊದಲು ಆಕಾಶ ನೋಡುತ್ತೇನೆ.

ವಾಪಸ್ ಬರುವಾಗ ಎಲ್ಲ ಉಲ್ಟಾ. ಕೋಟಾದಿಂದ ಬೆಳ್ಳುಳ್ಳಿ ತಂದೆ. ದಾವಣಗೆರೆಗೆ ಬಂದ ಕೂಡಲೇ ಗಾಳಿಯಾಡಲಿ ಅಂತ ಬಿಚ್ಚಿದೆ. ತಣ್ಣಗಿದ್ದ ಚೀಲಕ್ಕೆ ನಮ್ಮ ಬೆಚ್ಚನೆಯ ತೇವದ ಗಾಳಿ ತಾಗಿ, ಫ್ರಿಜ್ಜಿನಿಂದ ತೆಗೆದ ಬಾಟಲಿ ಹಾಗೆ ಒದ್ದೆಯಾಯಿತು. ಪಾರ್ಟಿಯವರು ಎಂಟು ಸಾವಿರ ಮುರಿದುಕೊಂಡರು. ಹೋಗುವಾಗ ಬಿಚ್ಚು, ಬರುವಾಗ ಮುಚ್ಚು ಅಂತ ಅವತ್ತೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆ.

ನಡುವೆ ನೆರಳಿನ ಹುಚ್ಚು ಹಿಡಿಯಿತು. 2020ರ ಲಾಕ್‌ಡೌನಿನಲ್ಲಿ ಗಾಡಿ ಮನೆ ಮುಂದೆ ನಿಂತಿತ್ತು. ಏಪ್ರಿಲ್ 28ರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಜಾಕ್ ಲಿವರ್ ನೆಟ್ಟಗೆ ನಿಲ್ಲಿಸಿದರೆ ನೆರಳೇ ಇಲ್ಲ. ಆಗಸ್ಟ್ 15ರ ಸುಮಾರಿಗೂ ಹಾಗೇ, ಶಾಲೆಯ ಬಾವುಟದ ಕಂಬಕ್ಕೂ ನೆರಳಿರುವುದಿಲ್ಲ, ನೋಡಿ. ಡಿಸೆಂಬರ್ 21ರ ಸುತ್ತಮುತ್ತ ಒಂದು ಮೀಟರ್ ಕೋಲಿಗೆ ದುರ್ಗದಲ್ಲಿ 77 ಸೆಂಟಿಮೀಟರ್ ನೆರಳು, ಇಂದೋರಿನಲ್ಲಿ ಕೋಲಿಗಿಂತ ಸ್ವಲ್ಪ ಉದ್ದ, ದಿಲ್ಲಿಯಲ್ಲಿ 128. ಅಲ್ಲಿಯ ಬಿಸಿಲು ಯಾಕೆ ಮೈಗೆ ಹತ್ತುವುದಿಲ್ಲ ಅಂತ ಆ ನೆರಳೇ ಹೇಳುತ್ತದೆ. ಶಾಜಾಪುರದ ಹತ್ತಿರ ಕರ್ಕಾಟಕ ವೃತ್ತ ದಾಟಿದ ಮೇಲೆ ಸೂರ್ಯ ಯಾವತ್ತೂ ನೆತ್ತಿಗೆ ಬರುವುದಿಲ್ಲ.

ಆದರೆ ಅಕ್ಷಾಂಶ ಒಂದನ್ನೇ ನಂಬಿ ಕೂರಬೇಡಿ. ಹೊನ್ನಾವರವೂ 14ರ ಮೇಲೇ ಇದೆ, ನಮ್ಮ ಸಾಲಿನಲ್ಲೇ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ದುರ್ಗದಲ್ಲಿ ಆರುನೂರರ ಆಸುಪಾಸು. ನಡುವೆ ಘಟ್ಟ ನಿಂತಿದೆ.

2022ರ ಚಳಿಗಾಲದಿಂದ ಈಚೆಗೆ ಹನ್ನೊಂದೋ ಹನ್ನೆರಡೋ ಟ್ರಿಪ್ ಹೋಗಿದ್ದೇನೆ. ಆ ಮಳೆಯ ಟ್ರಿಪ್ ಬಿಟ್ಟರೆ ಬೂಷ್ಟಿಗೆ ಅಂತ ಒಂದು ರೂಪಾಯಿ ಕಟ್ ಆಗಿಲ್ಲ. ಇಬ್ಬರು ಮಂಡಿ ಸಾವ್ಕಾರರು ನನ್ನ ಗಾಡಿಯೇ ಬೇಕು ಅಂತ ಎರಡು ದಿನ ಕಾಯುತ್ತಾರೆ. ಗಾಳಿ ಅಳೀತೀಯಾ ಅಂದ ಆ ಹಿರಿಯರು ಹೋದ ತಿಂಗಳು ಮನೆಗೇ ಬಂದು, ಮೀಟರ್ ಎಲ್ಲಿ ತಗೊಂಡೆ ಅಂತ ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಹೋದರು.

ನನ್ನ ನೋಟ್‌ಬುಕ್ಕಿನಲ್ಲಿ ಕೋಟಾ, ಜೈಪುರದ ಜುಲೈ ಆಗಸ್ಟ್ ಕಾಲಂ ಇನ್ನೂ ಖಾಲಿ. ಮಳೆಗಾಲದಲ್ಲಿ ನಾನು ಆ ಕಡೆ ಹೋಗುವುದಿಲ್ಲ. ಹೋಗುವವರಿದ್ದರೆ ಸೂರ್ಯ ಹುಟ್ಟುವ ಮುಂಚೆ ಒಮ್ಮೆ, ಮಧ್ಯಾಹ್ನ ಎರಡೂವರೆಗೆ ಒಮ್ಮೆ ನೋಡಿ ಬರೆದುಕೊಂಡು ಬನ್ನಿ. ಮೀಟರ್ ನಾನೇ ಕೊಡುತ್ತೇನೆ.